ಹಿಂದಕ್ಕೆ ನಡೆದ ರಣಗಂಭೀರ

ಹಂಪಿಯ ಸುತ್ತಲಿನ ನೆಲದಲ್ಲಿ ರಾಜರಿಗೆ ಬರವಿಲ್ಲ. ಕಲ್ಲೆತ್ತಿದರೆ ಒಬ್ಬ ಮಂಡಲೇಶ್ವರ, ಕಂಬ ಒರಗಿದರೆ ಒಬ್ಬ ದಂಡನಾಯಕ. ಎಲ್ಲರೂ ಮುಂದಕ್ಕೆ ನುಗ್ಗಿದವರೇ. ನುಗ್ಗಿದ್ದರಿಂದ ಕೊನೆಗೆ ಏನಾಯಿತು ಎಂಬುದನ್ನು ಕಮಲಾಪುರದಲ್ಲಿ ಬಸ್ಸಿಳಿದ ಯಾರಾದರೂ ಕಣ್ಣಾರೆ ನೋಡಿಬರಬಹುದು. ಆದರೆ ಹಿಂದಕ್ಕೆ ನಡೆಯುತ್ತಲೇ ಯುದ್ಧ ಮಾಡಿ, ಹಿಂದಕ್ಕೆ ನಡೆಯುತ್ತಲೇ ಶತ್ರುವಿನ ನಾಡನ್ನೆಲ್ಲ ಗೆದ್ದ ದೊರೆ ಈ ಸೀಮೆಯಲ್ಲಿ ಒಬ್ಬನೇ. ಅವನ ಬಿರುದು ರಣಗಂಭೀರ ಮಹಾರಾಜ. ಅವನ ರಾಜಧಾನಿ ಹಿರೇಜಾಲಿಯ ಭತ್ತದ ಕಣ. ಅವನ ಮನೆಯ ಹೆಸರು ಹೊಳೆಮ್ಮ.

ಕಂಪ್ಲಿಯಿಂದ ಕಾಲುವೆಯ ದಂಡೆ ಹಿಡಿದು ಹೊರಟರೆ ಎಡಕ್ಕೆ ಹಿರೇಜಾಲಿ, ಬಲಕ್ಕೆ ಚಿಕ್ಕಜಾಲಿ. ಹೆಸರಿಟ್ಟ ಹಿರಿಯರು ಆ ದಿನ ಎತ್ತ ನೋಡುತ್ತಿದ್ದರೋ, ಚಿಕ್ಕಜಾಲಿಯೇ ದೊಡ್ಡ ಊರು. ನಡುವೆ ಹರಿಯುವುದು ಒಂದು ಉಪಕಾಲುವೆ. ಅದರಲ್ಲಿ ನೀರು ಬರುವ ಮೊದಲು ಎರಡೂ ಊರುಗಳಲ್ಲಿ ಬೆಳೆಯುತ್ತಿದ್ದದ್ದು ಜೋಳ ಮತ್ತು ಬಯಲಾಟ. ಜೋಳ ಕೊಯ್ದಾದ ಮೇಲೆ ಮುಂದಿನ ಮಳೆಯವರೆಗೆ ಗಂಡಸರಿಗೆ ಕೆಲಸವಿರಲಿಲ್ಲ. ಮುಗಿಲು ನೋಡುವುದನ್ನೂ ಎಷ್ಟು ಹೊತ್ತು ಮಾಡಲಾದೀತು? ಹೀಗಾಗಿ ಮಾತು ಬಾಯಿಪಾಠ ಮಾಡಿ, ಹೆಜ್ಜೆ ಕಲಿತು, ಕಿರೀಟ ಕಟ್ಟಿ, ಬಯಲಿನಲ್ಲಿ ಹಂದರ ಹಾಕಿ ಬೆಳಗಿನವರೆಗೆ ಕುಣಿಯುತ್ತಿದ್ದರು. ಹಿರೇಜಾಲಿಯವರಿಗೆ ಗೊತ್ತಿದ್ದದ್ದು ಒಂದೇ ಆಟ, 'ಉಗ್ರಪ್ರತಾಪನ ವಧೆ'. ಅದರಲ್ಲಿ ಹದಿನೆಂಟು ವೇಷ. ಹದಿನೇಳು ವೇಷಗಳನ್ನು ಜನ ಸಹಿಸಿಕೊಳ್ಳುತ್ತಿದ್ದರು. ಹದಿನೆಂಟನೆಯದಕ್ಕಾಗಿ ಹೊಳೆಯಾಚೆಯಿಂದಲೂ ಬರುತ್ತಿದ್ದರು. ಅದೇ ದುಷ್ಟ ಉಗ್ರಪ್ರತಾಪ. ಕಟ್ಟುತ್ತಿದ್ದವನು ಹೊಳೆಮ್ಮನ ಅಪ್ಪ ಹುಲುಗಪ್ಪ.

ಹುಲುಗಪ್ಪ ಕಿನ್ನಾಳದ ಮರದ ಮುಖವಾಡ ತೊಟ್ಟು, ಗುಡ್ಡೆಗಣ್ಣು ತಿರುಗಿಸಿದಂತೆ ತಲೆ ತಿರುಗಿಸಿ ಅಬ್ಬರಿಸಿದರೆ ಮುಂದೆ ಕೂತ ಮಕ್ಕಳು ತಾಯಂದಿರ ಸೆರಗು ಹುಡುಕುತ್ತಿದ್ದವು. ಬೆಳಗಿನ ಜಾವಕ್ಕೆ ರಣಗಂಭೀರನ ಗದೆ ತಾಗಿ ಅವನು ಸಾಯುವ ಚೆಂದವೋ! ಬಿದ್ದು, ಎದ್ದು, ಒಂದು ಪದ ಹಾಡಿ, ಮತ್ತೆ ಬಿದ್ದು, ನೀರು ಕೇಳಿ, ಕುಡಿದು, ಇನ್ನೊಂದು ಪದ ಹಾಡಿ ಸಾಯುತ್ತಿದ್ದ. ಊರೆಲ್ಲ ಸೀಟಿ ಹೊಡೆಯುವಾಗ ಅಳುತ್ತಿದ್ದವಳು ಅವನ ಮಗಳು ಒಬ್ಬಳೇ. ಅಪ್ಪ ಮುಖವಾಡ ಬಿಚ್ಚಿ ಬೀಡಿ ಹಚ್ಚಿದ ಮೇಲಷ್ಟೇ ಅವಳ ಅಳು ನಿಲ್ಲುತ್ತಿತ್ತು. "ಯಾಕ ಸಾಯ್ತಿ ನೀನು? ಆತನ್ನ ಕೊಲ್ಲು," ಅನ್ನುತ್ತಿದ್ದಳು. "ಅವ್ವಾ, ಪುಸ್ತಕದಾಗ ಹಂಗೈತಿ," ಎಂದು ಹುಲುಗಪ್ಪ ಹೊಗೆ ಬಿಡುತ್ತಿದ್ದ.

ಆಮೇಲೆ ಕಾಲುವೆಗೆ ನೀರು ಬಂತು.

ಬಡತನ ನೂರು ವರ್ಷ ಗುದ್ದಾಡಿ ಮುರಿಯಲಾಗದ ಮೇಳವನ್ನು ಅನ್ನ ನಾಲ್ಕು ಬೆಳೆಗಳಲ್ಲಿ ಮುರಿಯಿತು. ವರ್ಷಕ್ಕೆ ಎರಡು ಸಲ ಭತ್ತ, ನಡುವೆ ಕಬ್ಬು. ಯಾರಿಗೂ ಪುರುಸೊತ್ತಿಲ್ಲ. ಮಂತ್ರಿಯ ವೇಷದವನು ಗೊಬ್ಬರದ ಅಂಗಡಿ ಇಟ್ಟ. ಸೇನಾಪತಿ ಹೊಸಪೇಟೆಯ ಸಕ್ಕರೆ ಕಾರ್ಖಾನೆಗೆ ಗಾಡಿ ಹೊಡೆಯಹೋದ. ಹಳೆಯ ರಣಗಂಭೀರನಿಗೆ ಎಷ್ಟು ಹೊಟ್ಟೆ ಬಂತೆಂದರೆ ಎದೆಕಟ್ಟಿನ ದಾರ ಹಿಂದೆ ಕೂಡಲೇ ಇಲ್ಲ. ಹುಲುಗಪ್ಪ ಮಾತ್ರ ಕೊನೆಯವರೆಗೂ ಗದ್ದೆಯ ಬದುವಿನ ಮೇಲೆ ಕೂತು ಹದಿನೆಂಟೂ ವೇಷದ ಮಾತು ಒಬ್ಬನೇ ಒದರುತ್ತಿದ್ದ. ಕೆಳಗೆ ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದ ಮಗಳ ಕಿವಿಗೆ ಅದಷ್ಟೂ ಬಿತ್ತು. ಒಂದು ಸುಗ್ಗಿಯಲ್ಲಿ ಹುಲುಗಪ್ಪ ಮುಖವಾಡವಿಲ್ಲದೆ, ಪದವಿಲ್ಲದೆ, ನಿಜವಾಗಿಯೇ ತೀರಿಕೊಂಡ. ಮುಖವಾಡ ಊರ ಚಾವಡಿಯ ಆಟದ ಪೆಟ್ಟಿಗೆಯೊಳಗೆ ಉಳಿಯಿತು.

ಆ ಪೆಟ್ಟಿಗೆಯ ವಿಚಾರ ಹೇಳಬೇಕು. ಕಿರೀಟ, ಭುಜಕೀರ್ತಿ, ಗದೆ, ಗೆಜ್ಜೆ ಎಲ್ಲ ತುಂಬಿದ ಆ ತೇಗದ ಪೆಟ್ಟಿಗೆಯನ್ನು ಎರಡೂ ಊರಿನ ಅಜ್ಜಂದಿರು ಕೂಡಿ ಮಾಡಿಸಿದ್ದರು. ಕರಾರು ಇಷ್ಟೇ: ಯಾವ ಊರು ಆಟ ಆಡುತ್ತದೋ ಅದರ ಬಳಿ ಪೆಟ್ಟಿಗೆ. ಮೂರು ವರ್ಷ ಗೆಜ್ಜೆಯ ಸಪ್ಪಳ ಕೇಳದಿದ್ದರೆ ಪೆಟ್ಟಿಗೆ ಕಾಲುವೆ ದಾಟುತ್ತದೆ. ಅರವತ್ತೆಂಟರ ಸುಮಾರಿನಲ್ಲಿ ಒಂದು ಬೆಳಿಗ್ಗೆ ಅದನ್ನು ದಾಟಿಸಲು ಚಿಕ್ಕಜಾಲಿಯ ಎರ್ರಿಯಪ್ಪ ಸಾವ್ಕಾರ ಬಂದ. ಅಕ್ಕಿ ಗಿರಣಿ ಹಾಕಿದ್ದ, ಹೊಸ ಟ್ರ್ಯಾಕ್ಟರ್ ತಂದಿದ್ದ. ಆ ಟ್ರ್ಯಾಕ್ಟರಿನ ಮೇಲೆ ಅವನು ಕೂರುವ ರೀತಿಯಲ್ಲೇ ಆನೆಯ ಮೇಲಿನ ಅಂಬಾರಿ ಕಾಣುತ್ತಿತ್ತು.

"ಮೂರು ವರ್ಷಾತು. ನಿಮ್ಮೂರಾಗ ಗೆಜ್ಜಿ ಸಪ್ಪಳ ಹೋಗ್ಲಿ, ಗೆಜ್ಜಿ ಅನ್ನೋ ಮಾತೂ ಕೇಳಿಲ್ಲ. ಎತ್ರಿ ಪೆಟ್ಟಿಗಿ," ಎಂದ ಎರ್ರಿಯಪ್ಪ.

"ಒಯ್ದು ಏನ್ ಮಾಡ್ತೀರಿ? ಆಟ ಆಡ್ತೀರೇನು?" ಎಂದು ಚಾವಡಿಯಲ್ಲಿದ್ದವರೊಬ್ಬರು ಕೇಳಿದರು.

"ಆಟ ಯಾವನಿಗೆ ಬರ್ತೈತಿ? ಗಿರಣಿ ಮುಂದ ಗಾಜಿನ ಕಪಾಟ ಮಾಡ್ಸೀನಿ. ಆ ಉಗ್ರಪ್ರತಾಪನ ಮಾರಿ ನಡುವ ಇಡ್ತೀನಿ. ಗಿರಣಿಗೆ ದೃಷ್ಟಿ ಆಗಬಾರದಲ್ಲ!"

ಅಪ್ಪನ ಮುಖ ಗಿರಣಿಗೆ ದೃಷ್ಟಿಬೊಂಬೆ! ಚಾವಡಿಯ ಮುಂದಿನಿಂದ ಸಸಿಯ ಕಟ್ಟು ಹೊತ್ತು ಹೊರಟಿದ್ದ ಹೊಳೆಮ್ಮ ನಿಂತಳು. ಅವಳು ಊರಿನ ಸಸಿ ಹಚ್ಚುವ ಹೆಣ್ಣಾಳುಗಳ ಗುಂಪಿನ ಮುಂದಾಳು. ಹನ್ನೆರಡು ಎಕರೆಯ ಈ ತುದಿಯಲ್ಲಿ ಪದ ಎತ್ತಿದರೆ ಆ ತುದಿಯ ಕೊಕ್ಕರೆ ಏಳುತ್ತಿದ್ದ ಕಂಠ. ಎತ್ತರ ಮಾತ್ರ ಭತ್ತದ ಮೂಟೆಯಷ್ಟು.

"ಸಾವ್ಕಾರ್ರೇ, ಪೆಟ್ಟಿಗಿ ಇಳಿಸ್ರಿ. ಈ ವರ್ಷ ಆಟ ಐತಿ."

"ಯಾರ ಆಡ್ತಾರವ್ವ?"

"ನಾನು."

ಚಾವಡಿಯಲ್ಲಿ ನಗು ಎದ್ದಿತು. ಹೆಂಗಸು ವೇಷ ಕಟ್ಟಿದ್ದನ್ನು ಆ ಊರು ನೋಡಿರಲಿಲ್ಲ. ಅಲ್ಲಿ ರಾಣಿಯರಿಗೂ ಮೀಸೆಯಿರುತ್ತಿತ್ತು.

"ನೀನು ಒಂದು ವೇಷಾತು. ಉಳಿದ ಹದಿನೇಳು?"

"ನನ್ನ ಗಂಡ ಅದಾನಲ್ಲ."

ಗಂಡನೆಂದರೆ ಮೂಕಪ್ಪ. ಅವಳಿಗೆ ಸೋದರಮಾವನೂ ಹೌದು, ಅದಕ್ಕೇ ಮದುವೆಯಾಗಿ ಎಷ್ಟು ವರ್ಷವಾದರೂ 'ಮಾವ' ಎಂದೇ ಕರೆಯುತ್ತಿದ್ದಳು. ಹೆಸರು ಮೂಕಪ್ಪನಾದರೂ ಎಚ್ಚರವಿದ್ದಾಗ ಅವನ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ನಿದ್ದೆಯಲ್ಲಿ ಕಂಡವಳು ಹೊಳೆಮ್ಮ ಒಬ್ಬಳೇ, ಅವಳಿಗೂ ಅನುಮಾನ. ಕಂಪ್ಲಿಯ ಗಿರಣಿಯೊಂದರಲ್ಲಿ ಮೂಟೆ ಹೊರುವ ಹಮಾಲಿ. ಕಂಬದಂಥ ತೋಳು, ಪೊರಕೆಯಂಥ ಮೀಸೆ. ಹಳೆಯ ಮೇಳದಲ್ಲಿ ಅವನು ಸಾರಥಿಯಾಗಿದ್ದ. ಬಯಲಾಟದಲ್ಲಿ ಸಾರಥಿಯೆಂದರೆ ರಥ ಹೊಡೆಯುವವನಲ್ಲ. ಹೊಸ ವೇಷ ಬಂದಾಗಲೆಲ್ಲ "ಬಂದಂಥವರು ಧಾರು? ಇರುವಂಥ ಸ್ಥಳ ಧಾವುದು? ಬಂದ ಕಾರಣವೇನು?" ಎಂದು ಕೇಳಿ, ಉತ್ತರ ಬರುವವರೆಗೆ ದೇವೇಂದ್ರನನ್ನೂ ಮುಂದಕ್ಕೆ ಬಿಡದವನು.

ಎರ್ರಿಯಪ್ಪನಿಗೆ ಇದು ಮೋಜೆನಿಸಿತು. "ಆತು, ಆಡ್ರಿ. ಆದ್ರ ಅದು ಆಟಾನೋ ಅಲ್ಲೋ ಅಂತ ನಾವು ಹೇಳೋರು. ಕೊನಿಗೆ ಮಂಗಳದ ಪದ ಹಾಡೋತನಕ ಪೆಟ್ಟಿಗಿ ಯಾರೂ ಮುಟ್ಟಾಂಗಿಲ್ಲ. ಮಂಗಳ ಆತು ಅಂದ್ರ ನನ್ನ ತೀರ್ಮಾನ. ನನ್ನ ಟ್ರ್ಯಾಕ್ಟರ್ ತಯಾರಿರ್ತೈತಿ ನೋಡವ್ವ!"

ಅವನು ಹೋದ ಮೇಲೆ ಗಿರಣಿಯಿಂದ ಬಂದ ಮೂಕಪ್ಪನಿಗೆ ಸುದ್ದಿ ತಿಳಿಯಿತು. ಮೊದಲು ಮೀಸೆ ಮುಟ್ಟಿ ನೋಡಿಕೊಂಡ. ಆಮೇಲೆ, "ರಾಣಿ ಪದ್ಮಗಂಧಿ ನಾನಾ?" ಎಂದ.

"ನೀನಾ."

"ಮೀಸಿ?"

"ಸೆರಗು ಕೊಡ್ತೀನಿ, ಮುಚ್ಕೋ."

ತಾಲೀಮು ಶುರುವಾಯಿತು. ಮೂಕಪ್ಪ ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ ಒಂದನ್ನು ಎಲ್ಲಿಂದಲೋ ಹೊತ್ತು ತಂದ. ಒಂದು ಕಾಲು ಗಾಳಿಗೆ, ಒಂದು ಕಾಲಿಗೆ ಗೆಜ್ಜೆ, ಬಲಗೈ ಸ್ವರಕ್ಕೆ, ಎಡಗೈ ಮದ್ದಳೆಗೆ, ಬಾಯಿ ಸಾರಥಿಗೆ. ಇಡೀ ಮೇಳವೇ ಒಂದು ಸೀರೆಯೊಳಗೆ ಕೂತಂತಾಯಿತು. ಸೈನ್ಯ ಎಲ್ಲಿಂದ ತರುವುದು? ಮೂಕಪ್ಪ ತನ್ನ ಕಸುಬನ್ನು ನೆನೆದು ಭತ್ತದ ಮೂಟೆಗಳನ್ನು ಸಾಲಾಗಿ ನಿಲ್ಲಿಸಿದ. "ಈ ದಂಡು ಓಡಿಹೋಗಲ್ಲ, ಕೂಲೀನೂ ಕೇಳಲ್ಲ," ಎಂದ. ಹೊಳೆಮ್ಮ ರಣಗಂಭೀರನ ಕಿರೀಟ ಕಟ್ಟಿದಳು. ಮಾತು ಒಂದೂ ತಪ್ಪಲಿಲ್ಲ. ಮೂಕಪ್ಪನ ಕಣ್ಣು ತುಂಬಿ ಬಂತು. ಪದ ಎತ್ತಿದಳು, ತುಂಬಿದ್ದ ಕಣ್ಣು ಅರಳಿತು:

"ಇಟ್ಟ ಹೆಜ್ಜೆಯ ಹಿಂದಕಿಡೆನೋ, ಕೊಟ್ಟ ಮಾತನು ಕೆಳಗೆ ಬಿಡೆನೋ!"

ಎಂದು ಹಾಡುತ್ತ ರಣಗಂಭೀರ ಮಹಾರಾಜ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಕಣದಾಚೆ ಹೋಗಿ ಹುಲ್ಲಿನ ಬಣವೆಗೆ ಬೆನ್ನು ಹಚ್ಚಿ ನಿಂತ.

"ಎಲ್ಲಿಗೆ ಹೊಂಟಿ?" ಎಂದು ಕೂಗಿದ ಮೂಕಪ್ಪ.

"ಇಲ್ಲೇ ಅದೀನಲ್ಲ... ಅಯ್ಯ, ಇಲ್ಲಿಗ್ಯಾವಾಗ ಬಂದೆ?"

ಮತ್ತೆ ಹಾಡಿದಳು, ಮತ್ತೆ ಬಣವೆ. ಕಾರಣ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸಸಿ ಹಚ್ಚುವವರು ಬಗ್ಗಿ ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ, ಮುಂದಕ್ಕೆ ಹೋದರೆ ಈಗಷ್ಟೇ ನೆಟ್ಟಿದ್ದನ್ನು ತುಳಿದಂತೆ. ಹಾಡುವುದೂ ಆಗಲೇ. ಲಂಗ ತೊಡುವ ವಯಸ್ಸಿನಿಂದ ಹೊಳೆಮ್ಮ ಹಾಡುತ್ತ ಮುಂದಕ್ಕೆ ನಡೆದದ್ದೇ ಇಲ್ಲ. ಮಾತಾಡುವಾಗ ಅವಳ ಕಾಲು ರಾಜನ ಕಾಲು. ರಾಗ ಬಂದ ಕೂಡಲೇ ಕೆಸರಿನ ಕಾಲು.

ಮೂಕಪ್ಪ ಮಾಡದ ಉಪಾಯವಿಲ್ಲ. ಹಿಂದೆ ಜಾಲಿಮುಳ್ಳು ಹರವಿದ. ರಣಗಂಭೀರ ಮುಳ್ಳು ತುಳಿದು ಎರಡು ಸ್ವರ ಮೇಲೆ ಹಾಡಿದ. ಸೊಂಟಕ್ಕೆ ಹಗ್ಗ ಕಟ್ಟಿ ಮುಂದಿನಿಂದ ಎಳೆದ. ಮಹಾರಾಜರು ಹಗ್ಗದ ಕರುವಿನಂತೆ ಕಂಡರು. ಕೊನೆಗೆ ತಾನೇ ಬೆನ್ನ ಹಿಂದೆ ಗೋಡೆಯಂತೆ ನಿಂತ. ಪದ ಮುಗಿಯುವಷ್ಟರಲ್ಲಿ ಗೋಡೆಯ ಎರಡು ಕಾಲ್ಬೆರಳು ಊದಿಕೊಂಡವು.

"ಯುದ್ಧಕ್ಕ ಹೊಂಟ ರಾಜ ಹಿಂದಕ್ಕ ಬಂದ್ರ ಎರ್ರಿಯಪ್ಪ ಏನಂತಾನ? ಇದು ಆಟ ಅಲ್ಲ, ನಾಟಿ ಅಂತಾನ!" ಎಂದು ಮೂಕಪ್ಪ ಬೆರಳು ಒತ್ತಿಕೊಂಡ.

ಹೊಳೆಮ್ಮ ಕಿರೀಟ ಬಿಚ್ಚಿದಳು. ಅಪ್ಪನ ಮುಖವಾಡ ಕಪಾಟಿನಲ್ಲಿ ಕೂತು ಗಿರಣಿಯ ತೌಡಿನ ಧೂಳು ತಿನ್ನುವುದು ಅವಳ ಕಣ್ಣಿಗೆ ಕಟ್ಟಿತ್ತು.

ಆ ಸಂಜೆ ಸಾಮಾನು ಹೊತ್ತು ಕಾಲುವೆಯ ದಂಡೆಯ ಮೇಲೆ ಮನೆಗೆ ಹೊರಟರು. ಹೊಳೆಮ್ಮನ ಎರಡೂ ಕೈ ತುಂಬ ಕಿರೀಟ, ಭುಜಕೀರ್ತಿ, ಗದೆ. ಮುಖವಾಡಕ್ಕೆ ಜಾಗವಿಲ್ಲ. ದಾರದಿಂದ ತಲೆಯ ಹಿಂದಕ್ಕೆ ಕಟ್ಟಿಕೊಂಡಳು. ಮೂಕಪ್ಪ ಹಿಂದೆ ಉಳಿದು, ಕಾಲುವೆಗೆ ಬಗ್ಗಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದ. ಮುಂದೆ ಹೋಗುತ್ತಿದ್ದ ಹೊಳೆಮ್ಮ ದುಃಖಕ್ಕೋ ಹಟಕ್ಕೋ ಅದೇ ಪದ ಗುನುಗಿದಳು. ಗುನುಗಿದ ಕೂಡಲೇ ಕಾಲು ತಮ್ಮ ದಾರಿ ಹಿಡಿದವು.

ಮೂಕಪ್ಪ ತಲೆ ಎತ್ತಿದ. ಮುಳುಗುವ ಸೂರ್ಯನ ಕೆಂಪಿನಲ್ಲಿ, ಗುಡ್ಡೆಗಣ್ಣು ಬಿಟ್ಟುಕೊಂಡು, ಗದೆ ಹಿಡಿದು, ಗಂಭೀರವಾಗಿ ಹೆಜ್ಜೆ ಹಾಕುತ್ತ, ಸತ್ತು ಎಷ್ಟೋ ವರ್ಷವಾದ ಹುಲುಗಪ್ಪನ ಉಗ್ರಪ್ರತಾಪ ದಂಡೆಯ ಮೇಲೆ ನೇರವಾಗಿ ತನ್ನತ್ತಲೇ ಬರುತ್ತಿದ್ದಾನೆ!

"ಬಾವಾ! ನಿನ್ನ ಮಗಳನ್ನ ಚೆಂದಾಗೇ ನೋಡ್ಕೊಂಡೀನೋ ಬಾವಾ!" ಎಂದು ಕೂಗಿ ಮೂಕಪ್ಪ ಕಾಲುವೆಗೆ ಬಿದ್ದ.

ಎದೆಮಟ್ಟದ ನೀರಿನಲ್ಲಿ ನಿಂತು ಎರಡು ಸಲ ಕೆಮ್ಮಿದ. ಹೊಳೆಮ್ಮ ತಿರುಗಿ ನೋಡಿ ಕಿರೀಟ ಕೆಳಗಿಟ್ಟು ನಗತೊಡಗಿದಳು. ಮೂಕಪ್ಪ ನಗಲಿಲ್ಲ. ನೀರಿನಲ್ಲಿಯೇ ನಿಂತು, ಹಿಂದೆ ಯಾವ ಶಾಸ್ತ್ರಕಾರನೂ ಹೇಳದ ಮಾತೊಂದನ್ನು ಹೇಳಿದ:

"ಹೊಳೆಮ್ಮಾ, ಆ ಕಡಿ ತಿರುಗು. ಇನ್ನೊಮ್ಮೆ ಹಾಡು."

ಎರಡನೆಯ ಬೆಳೆಯ ನಾಟಿ ಮುಗಿದ ವಾರ ಆಟ. ರಾತ್ರಿ ಎಲ್ಲರಿಗೂ ಗದ್ದೆಗೆ ನೀರು ಬಿಡುವ ಪಾಳಿಯಿದ್ದದ್ದರಿಂದ ಮಧ್ಯಾಹ್ನವೇ ಶುರು. ಹಗಲಿನಲ್ಲಿ ಬಯಲಾಟ ಆಡಿದ್ದು ಚರಿತ್ರೆಯಲ್ಲಿಯೇ ಮೊದಲೆಂದು ಹಿರೇಜಾಲಿಯವರು ಹೇಳುತ್ತಾರೆ. ಚರಿತ್ರೆಯನ್ನು ಯಾರೂ ಕೇಳಿಲ್ಲ. ಊರವರೆಲ್ಲ ಕಣದ ಮುಂದೆ ಕೂತರು. ಚಿಕ್ಕಜಾಲಿಯವರು ಎರ್ರಿಯಪ್ಪನ ಟ್ರ್ಯಾಕ್ಟರಿನ ಟ್ರಾಲಿ ತುಂಬಿಕೊಂಡು ತಡವಾಗಿ ಬಂದರು.

"ಮುಂದ ಬರ್ರಿ, ಕುಂದ್ರಿ," ಎಂದರು ಹಿರೇಜಾಲಿಯವರು.

"ನಾವು ನೋಡಾಕ ಬಂದೋರಲ್ಲ, ಪೆಟ್ಟಿಗಿ ಹೇರಾಕ ಬಂದೋರು," ಎಂದು ಎರ್ರಿಯಪ್ಪ ಟ್ರಾಲಿಯನ್ನು ಕಣದ ಹಿಂದೆ, ಪೆಟ್ಟಿಗೆಯ ಪಕ್ಕಕ್ಕೇ ನಿಲ್ಲಿಸಿದ. ಹೀಗೆ, ಹಟದ ದೆಸೆಯಿಂದ, ಚಿಕ್ಕಜಾಲಿಗೆ ಆಟದ ಬೆನ್ನು ಕಾಣುವ ಜಾಗ ಸಿಕ್ಕಿತು.

ಹಾರ್ಮೋನಿಯಂ ಉಸಿರೆಳೆಯಿತು. ಹೊಳೆಮ್ಮ ಬಂದಳು. ಮುಂದಿನಿಂದ ನೋಡಿದರೆ ಬಣ್ಣ ಬಳಿದ, ಎದೆಕಟ್ಟು ಹೊಳೆಯುವ ರಣಗಂಭೀರ. ಹಿಂದಿನಿಂದ ನೋಡಿದರೆ ಮುಖವಾಡ, ಕಪ್ಪು ಎದೆಕಟ್ಟು, ಗಡ್ಡ, ಕೆಂಪು ಪಟ್ಟಿ ತೊಟ್ಟ ಉಗ್ರಪ್ರತಾಪ. ಒಂದೇ ದೇಹ, ಎರಡು ರಾಜ್ಯ.

"ಬಂದಂಥವರು ಧಾರು?" ಎಂದ ಮೂಕಪ್ಪ, ಸೆರಗಿನೊಳಗಿಂದ.

"ರಣಗಂಭೀರ ಮಹಾರಾಜನೆಂದು ತಿಳಿಯೋ ಸಾರಥಿ!" ಎಂದಿತು ಮುಂದಿನ ಮುಖ ತನ್ನ ಎತ್ತರದ ದನಿಯಲ್ಲಿ.

"ಹಿಂದ ಬಂದಂಥವರು ಧಾರು?"

ಆಗ ಹೊಳೆಮ್ಮನ ಹೊಟ್ಟೆಯ ಆಳದಿಂದ ಇನ್ನೊಂದು ದನಿ ಎದ್ದಿತು. ಬದುವಿನ ಮೇಲೆ ಕೂತು ಒದರುತ್ತಿದ್ದವನದೇ ದನಿ. ಟ್ರಾಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಕೈಗಳು ನಿಂತವು. ಹುಲುಗಪ್ಪನ ಆಟ ನೋಡಿಯೇ ಬೆಳೆದವರು ಅಲ್ಲಿಯೂ ಇದ್ದರು. ಅವರಲ್ಲಿ ಎರ್ರಿಯಪ್ಪನೂ ಒಬ್ಬ.

ಆಟ ಏರಿತು. ರಣಗಂಭೀರ ಮಾತಾಡಿದಾಗ ಹಿರೇಜಾಲಿಯತ್ತ ನುಗ್ಗುತ್ತಿದ್ದ. ಪದ ಎತ್ತಿದಾಗ ಹಿಂದೆ ಸರಿಯುತ್ತಿದ್ದ. ಅವನು ಹಿಂದೆ ಸರಿದಷ್ಟೂ ಉಗ್ರಪ್ರತಾಪ ಗದೆ ತೂಗುತ್ತ ಚಿಕ್ಕಜಾಲಿಯತ್ತ ಮೆರವಣಿಗೆ ಬರುತ್ತಿದ್ದ. ಪದಗಳೋ ಲೆಕ್ಕವಿಲ್ಲದಷ್ಟು. ಹೀಗಾಗಿ ಮಹಾದುಷ್ಟನು ಆ ಮಧ್ಯಾಹ್ನವೆಲ್ಲ ಟ್ರಾಲಿಯವರ ಮುಂದೆಯೇ ಬಂದು ಬಂದು ನಿಂತ. ಮೊದಲ ಸಲ ಬಂದಾಗ ಅವರು ಬೆಚ್ಚಿದರು. ಎರಡನೆಯ ಸಲ ನಕ್ಕರು. ಆಮೇಲೆ ಒಬ್ಬ ಅವನ ಕೊರಳಿಗೆ ಟವೆಲ್ ಹೊದಿಸಿದ. ಇನ್ನೊಬ್ಬ ಬಾಳೆಗೊನೆ ಒಪ್ಪಿಸಿದ. ರಣಗಂಭೀರನಿಗೆ ಬೆನ್ನ ಮೇಲೆ ಏನೋ ಭಾರವಾಯಿತು, ಆದರೂ ಹಾಡು ನಿಲ್ಲಿಸಲಿಲ್ಲ. ಮೂಕಪ್ಪ ರಾಣಿಯಾಗಿ ಅತ್ತ. ಅಳುವ ರಭಸಕ್ಕೆ ಸೆರಗು ಜಾರಿ ಮೀಸೆ ಹೊರಬಿತ್ತು. "ಗಂಡನ ಚಿಂತ್ಯಾಗ ಬೆಳದೈತಿ!" ಎಂದು ಅಲ್ಲಿಯೇ ಹೊಸ ಮಾತು ಕಟ್ಟಿದ. ಆಮೇಲೆ ಮೂಟೆಗಳ ದಂಡನ್ನು ಒಂದೊಂದಾಗಿ ಎತ್ತಿ ಒಗೆದ. ಅಂಥ ಭಾರವಾದ ಸೋಲು ಯಾವ ಸೈನ್ಯಕ್ಕೂ ಆಗಿರಲಾರದು.

"ಭಲೇ ನಮ್ಮ ರಾಜಾ!" ಎಂದು ಟ್ರಾಲಿಯಿಂದ ಕೂಗು ಕೇಳಿತು. ಕೂಗಿದವನು ಎರ್ರಿಯಪ್ಪ.

ಹೊತ್ತು ಇಳಿಯಿತು. ವಧೆಯ ಗಳಿಗೆ ಬಂತು. ಹೊಳೆಮ್ಮ ಗದೆಯನ್ನು ತಲೆಯ ಮೇಲೆತ್ತಿದಳು. ಹೆಗಲ ಮೇಲಿಂದ ಹಿಂದಕ್ಕೆ ಬೀಸಬೇಕು, ಮುಖವಾಡ ಬೀಳಬೇಕು, ಮಂಗಳ ಹಾಡಬೇಕು. ಆಮೇಲೆ ತೀರ್ಮಾನ ಎರ್ರಿಯಪ್ಪನದು.

"ಹೊಡಿ! ಹೊಡಿ!" ಎಂದು ಹಿರೇಜಾಲಿ ಎದ್ದು ನಿಂತಿತು.

ಗದೆ ಮೇಲೆಯೇ ಉಳಿಯಿತು. ಹೊಳೆಮ್ಮನ ಕೈ ಇಳಿಯಲೊಲ್ಲದು. ಬಾಲ್ಯವೆಲ್ಲ ಅತ್ತದ್ದು ಇದೇ ಏಟಿಗೆ. ಈಗ ಗದೆ ತನ್ನದೇ ಕೈಯಲ್ಲಿದೆ.

ಅಷ್ಟರಲ್ಲಿ ಟ್ರಾಲಿಯಿಂದ ದೊಪ್ಪನೆ ಜಿಗಿದು, ಪಂಚೆ ಎತ್ತಿಕಟ್ಟಿ, ಎರ್ರಿಯಪ್ಪ ಸಾವ್ಕಾರ ಕಣದ ನಡುವಿಗೆ ನುಗ್ಗಿದ. "ಏ, ನಿಲ್ಲು! ನಮ್ಮ ಕಡೆಯಾತನ್ನ ಬೆನ್ನಿಗೆ ಹೊಡೀತೀಯಾ? ಇದ್ಯಾವ ಧರ್ಮ?"

ಸಾರಥಿಯ ಬಾಯಿಗೆ ವಿಚಾರ ಮಾಡುವ ಅಭ್ಯಾಸವಿರಲಿಲ್ಲ. ಕಣದೊಳಗೆ ಕಾಲಿಟ್ಟವರನ್ನು ಕೇಳುವುದು ಅದರ ಕೆಲಸ, ಕೇಳಿಬಿಟ್ಟಿತು: "ಬಂದಂಥವರು ಧಾರು?"

ಎರ್ರಿಯಪ್ಪನೂ ಹುಟ್ಟಿದಾಗಿನಿಂದ ಬಯಲಾಟ ಕೇಳಿದವನು. ಆ ಪ್ರಶ್ನೆಗೆ ಅವನ ನಾಲಿಗೆಯೂ ತಾನಾಗಿಯೇ ಹೊರಳಿತು. ಎದೆ ಉಬ್ಬಿಸಿ, ಮೀಸೆ ತಿರುವಿ, "ಚಿಕ್ಕಜಾಲಿ ಪುರವಾಸಿ ಎರ್ರಿಯಪ್ಪ ಸಾವ್ಕಾರನೆಂದು ತಿಳಿಯೋ ಸಾರಥಿ!" ಎಂದ.

"ಬಂದ ಕಾರಣವೇನು?"

"ಉಗ್ರಪ್ರತಾಪನ ಪ್ರಾಣ ಉಳಿಸಲು ಬಂದೆನೋ!"

ಮೂಕಪ್ಪ ಹಾರ್ಮೋನಿಯಂ ಮೇಲೆ ವಿಜಯದ ಸ್ವರ ಒತ್ತಿದ. ಎರಡೂ ಊರು ಒಮ್ಮೆಲೇ ಸೀಟಿ ಹೊಡೆದವು. ಎರ್ರಿಯಪ್ಪ ಸುತ್ತ ನೋಡಿದ. ತಾನೆಲ್ಲಿ ನಿಂತಿದ್ದೇನೆಂಬುದು ಆಗ ತಿಳಿಯಿತು.

"ಸಾವ್ಕಾರ್ರೇ," ಎಂದ ಮೂಕಪ್ಪ ಸೆರಗು ಸರಿಮಾಡಿಕೊಳ್ಳುತ್ತ, "ಆಟ ಅಲ್ಲ ಅಂತ ಹೇಳಾಕ ಬಂದ್ರಿ, ಹತ್ತೊಂಬತ್ತನೇ ವೇಷ ಆದ್ರಿ. ವೇಷದಾರು ತೀರ್ಮಾನ ಹೇಳಾಂಗಿಲ್ರಿ."

"ಲೇ ಮೂಕಾ, ಬಾಯಿ ಮುಚ್ಚಲೇ!"

"ಅದೊಂದು ಬರಂಗಿಲ್ರಿ ನನಗ."

ಹೊಳೆಮ್ಮ ಗದೆ ಇಳಿಸಿದಳು. ಹೊಡೆಯಲು ಅಲ್ಲ, ನೆಲಕ್ಕೆ ಊರಲು. "ಸಾವ್ಕಾರ್ರು ಅಡ್ಡ ಬಂದ್ರು, ಇವತ್ತ ವಧೆ ಇಲ್ಲ. ವಧೆ ಇಲ್ದ ಮಂಗಳ ಇಲ್ಲ. ಮಂಗಳ ಇಲ್ದ..." ಎಂದು ಎರ್ರಿಯಪ್ಪನ ಮುಖ ನೋಡಿದಳು.

ಎರ್ರಿಯಪ್ಪ ಮುಖವಾಡವನ್ನು ನೋಡಿದ. ಅದರ ಕೊರಳಲ್ಲಿ ಅವನದೇ ಊರಿನ ಟವೆಲ್ ಇತ್ತು. ಗಾಜಿನ ಕಪಾಟಿನೊಳಗೆ ಅದು ಹೀಗೆ ಅಬ್ಬರಿಸಲಾರದು ಎಂಬುದು ಹೊಳೆಯಿತೋ, ಎರಡೂ ಊರಿನೆದುರು ತನ್ನ ಮಾತು ತಾನೇ ನುಂಗುವುದು ಬೇಡವೆನಿಸಿತೋ, "ಮಂಗಳ ಇಲ್ದ ಪೆಟ್ಟಿಗಿ ಯಾರೂ ಮುಟ್ಟಾಂಗಿಲ್ಲ," ಎಂದ. "ನಾನಾ ಹೇಳಿದ ಮಾತು. ಬರೋ ವರ್ಷ ನಮ್ಮೂರಾಗ ಆಡ್ರಿ. ಅಲ್ಲಿ ಈತನ್ನ ಯಾವಾತ ಕೊಲ್ತಾನ ನೋಡೇಬಿಡ್ತೀನಿ!"

ಅಷ್ಟರಲ್ಲಿ ತೂಬಿನ ಕಡೆಯಿಂದ ಯಾರೋ "ನೀರು ಬಂತ್ರೋ!" ಎಂದು ಕೂಗಿದರು. ಸಲಿಕೆ ಹಿಡಿದು ಎರಡೂ ಊರು ಗದ್ದೆಗಳತ್ತ ಓಡಿದವು. ಮಹಾಯುದ್ಧವು ಹಾಗೆ ಮುಂದಕ್ಕೆ ಬಿತ್ತು.

ಮುಂದಕ್ಕೆ ಬಿದ್ದ ಯುದ್ಧ ಮುಂದಕ್ಕೇ ಹೋಯಿತು. ಚಿಕ್ಕಜಾಲಿಯಲ್ಲಿ ಆಡಿದರು, ಕಂಪ್ಲಿಯಲ್ಲಿ ಆಡಿದರು. ಎಲ್ಲೆಡೆಯೂ ಜನ ಅರ್ಧ ಮುಂದೆ, ಅರ್ಧ ಹಿಂದೆ ಕೂರತೊಡಗಿದರು. ಹಿಂದೆ ಕೂತವರಲ್ಲಿ ಒಬ್ಬನಾದರೂ ಕಡೆಯ ಗಳಿಗೆಯಲ್ಲಿ ಅಡ್ಡ ಬರುತ್ತಿದ್ದ. ಬಹಳ ಸಲ ಅದು ಎರ್ರಿಯಪ್ಪನೇ. ಗಿರಣಿ ಮಗನಿಗೆ ಬಿಟ್ಟು, ಆಟ ಇದ್ದಲ್ಲಿಗೆ ಟ್ರ್ಯಾಕ್ಟರ್ ಹೊಡೆಸಿಕೊಂಡು ಬಂದು ಹತ್ತೊಂಬತ್ತನೆಯ ವೇಷ ಕಟ್ಟಿ ಹೋಗುತ್ತಿದ್ದ. ಸಂಡೂರಿನ ಗಣಿ ಕೂಲಿಗಳು ಕೆಂಪು ಧೂಳಿನಲ್ಲಿಯೇ ಬಂದು ಕೂತರು. ಮೊದಲ ಪಾಳಿಯವರು ರಣಗಂಭೀರನ ಪಕ್ಷ, ಎರಡನೆಯ ಪಾಳಿಯವರು ಉಗ್ರಪ್ರತಾಪನ ಪಕ್ಷ. ಹೊಸಪೇಟೆಯಲ್ಲಿ ಒಮ್ಮೆ ಟಾಕೀಸಿನ ಸಂಜೆಯ ಆಟಕ್ಕೆ ಹೊರಟವರು ದಾರಿಯಲ್ಲಿ ಇವರನ್ನು ಕಂಡು ಅಲ್ಲಿಯೇ ಉಳಿದರು. ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಆಡಿದಾಗ ನಾಲ್ಕೂ ಕಡೆ ಬಯಲು. ಉದ್ದ ಕೂದಲಿನ ಬಿಳಿಯನೊಬ್ಬ ಮಂಟಪವನ್ನು ಸುತ್ತು ಹಾಕಿ, ಇದರ ಮುಂದು ಯಾವುದು ಎಂದು ಕೈಸನ್ನೆಯಲ್ಲಿ ಕೇಳಿದ. ಮೂಕಪ್ಪ ಸ್ಪಷ್ಟ ಕನ್ನಡದಲ್ಲಿ, "ನಮಗೂ ಇನ್ನಾ ಗೊತ್ತಾಗಿಲ್ಲಪಾ, ಗೊತ್ತಾದ್ರ ಹೇಳಿ ಹೋಗು," ಎಂದ.

ಎಂಬತ್ತರ ದಶಕದ ಕೊನೆಗೆ ದೊಡ್ಡ ಊರಿನ ನಾಟಕದವರೊಬ್ಬರು ಬಂದು, ಬಹಳ ಪ್ರೀತಿಯಿಂದ, "ನೀವು ಮಾಡುತ್ತಿರುವುದು ಪ್ರಯೋಗ" ಎಂದರು. ಮೂಕಪ್ಪ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. ಅವನ ಊರಿನಲ್ಲಿ ಪ್ರಯೋಗವೆಂದರೆ ಮಾಟ, ನಿಂಬೆಹಣ್ಣು, ಮೂರು ದಾರಿ ಕೂಡುವ ಜಾಗ. "ಶಿವನೇ! ನಾವು ಅಂಥ ಮಂದಿ ಅಲ್ರಿ! ಬೇಕಾದ್ರ ಗುಡಿ ಮುಂದ ನಿಂತು ಆಣಿ ಮಾಡ್ತೀವಿ!" ಬಂದವರು ಅರ್ಧ ದಿನ ಕೂತು ಅವನನ್ನು ಸಮಾಧಾನ ಮಾಡಿದರು. ಹೊಳೆಮ್ಮ ಅವರಿಗೆ ಮೊಸರನ್ನ ಬಡಿಸಿ, "ಆತನ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ಪ್ರಯೋಗ ಅಂದ್ರ ಮಾಟಾನ ಇರಲಿ. ಸತ್ತ ನಮ್ಮಪ್ಪನ್ನ ವರ್ಷಾ ವರ್ಷಾ ಎಬ್ಬಸ್ತೀನಲ್ಲ, ಮತ್ತೇನದು?" ಎಂದಳು.

ತೊಂಬತ್ತೈದರಲ್ಲೋ ಅದರ ಆಚೀಚೆಯೋ, ಹಿರೇಜಾಲಿಯ ಅದೇ ಕಣದಲ್ಲಿ ಆಟ. ಹೊಳೆಮ್ಮನ ತಲೆ ನೆರೆತಿತ್ತು, ಕಂಠ ಮಾತ್ರ ಇನ್ನೂ ಕೊಕ್ಕರೆ ಎಬ್ಬಿಸುತ್ತಿತ್ತು. ಮೂಕಪ್ಪನ ಮೀಸೆ ಬೆಳ್ಳಗಾಗಿ, ರಾಣಿ ಪದ್ಮಗಂಧಿ ರಾಜಮಾತೆಯಂತೆ ಕಾಣುತ್ತಿದ್ದಳು. ಪೆಟ್ಟಿಗೆ ಇನ್ನೂ ಬಾಯಿ ತೆರೆದೇ ಇತ್ತು. ಆದರೆ ಅಂದು ಕಣದ ಹಿಂದೆ ಟ್ರಾಲಿಯಿರಲಿಲ್ಲ. ಎರ್ರಿಯಪ್ಪನಿಗೆ ಮೊಣಕಾಲು ಹಿಡಿದು ಮಂಚ ಬಿಟ್ಟು ಏಳದೆ ತಿಂಗಳಾಗಿತ್ತು. ಅಡ್ಡ ಬರುವುದು ಸಾವ್ಕಾರನ ಹಕ್ಕೆಂದು ತಿಳಿದು, ಹಿಂದೆ ಕೂತ ಚಿಕ್ಕಜಾಲಿಯವರು ಯಾರೂ ಮೇಲೇಳಲಿಲ್ಲ.

ಗದೆ ಮೇಲೇರಿತು. ಯಾರೂ ನಿಲ್ಲು ಎನ್ನಲಿಲ್ಲ.

ಹೊಳೆಮ್ಮ ಗದೆ ಹಿಡಿದೇ ಮೂಕಪ್ಪನತ್ತ ಓರೆಗಣ್ಣು ಹಾಯಿಸಿದಳು. ಹೊಡೆದರೆ ಆಟ ಮುಗಿಯಿತು, ಮಂಗಳವಾಯಿತು, ಪೆಟ್ಟಿಗೆ ಮುಚ್ಚಿತು, ಅಪ್ಪ ಸತ್ತ. ಮೂಕಪ್ಪ ಹಾರ್ಮೋನಿಯಂನ ಒಂದೇ ಸ್ವರವನ್ನು ಎಳೆದ, ಎಳೆದ, ಗಾಳಿ ತುಂಬುವ ಕಾಲು ನಡುಗುವವರೆಗೆ ಎಳೆದ. ಪುಸ್ತಕದಲ್ಲಿಲ್ಲದ ಮಾತು ಕಟ್ಟಿ ಕಟ್ಟಿ ಆಡಿದ. ರಣಗಂಭೀರನ ಅಜ್ಜನ ಅಜ್ಜನವರೆಗೆ ವಂಶಾವಳಿ ಹೇಳಿದ. ಗದೆಯ ಮರ ಯಾವ ಕಾಡಿನದೆಂದು ಹೇಳಿದ. ಹೇಳುವುದು ಮುಗಿದು, ನೋಡಿದವರಾಣೆ, ಮೂಕಪ್ಪನ ಬಾಯಿ ಮುಚ್ಚಿತು.

ಆಗ ಕಾಲುವೆಯ ಆ ದಂಡೆಯ ಕಡೆಯಿಂದ ಡುಗು ಡುಗು ಸಪ್ಪಳ ಕೇಳಿತು. ಸೇತುವೆ ದಾಟಿ, ಬದು ಹತ್ತಿ, ಹಳೆಯ ಟ್ರ್ಯಾಕ್ಟರ್ ಹೊಗೆಯುಗುಳುತ್ತ ಬಂತು. ಹಿಂದೆ ಟ್ರಾಲಿ. ಟ್ರಾಲಿಯಲ್ಲಿ ಮಂಚ. ಮಂಚದ ಮೇಲೆ, ರಗ್ಗು ಹೊದ್ದು, ಕೋಲು ಎತ್ತಿ ಹಿಡಿದು, ಎರ್ರಿಯಪ್ಪ.

"ನಿಲ್ಲಲೇ! ಮುಟ್ಟೀಯಾ ನಮ್ಮಾತನ್ನ!"

ಎದ್ದ ಸೀಟಿಗೆ ಎರಡೂ ಊರಿನ ನಾಯಿ ಬೊಗಳಿದವು. ಹೊಳೆಮ್ಮ ಗದೆಯೂರಿ ನಗುತ್ತ ಕೈಯ ನೋವು ಉಜ್ಜಿಕೊಂಡಳು. ಮೂಕಪ್ಪನ ಬಾಯಿಗೆ ಜೀವ ಮರಳಿತು.

"ಬಂದಂಥವರು ಧಾರು?"

"ಚಿಕ್ಕಜಾಲಿ ಎರ್ರಿಯಪ್ಪನೆಂದು ತಿಳಿಯೋ ಸಾರಥಿ!"

"ಬಂದ ಕಾರಣವೇನು?"

"ಪೆಟ್ಟಿಗಿ ಒಯ್ಯಾಕ ಬಂದೀನಿ. ಆಟ ಮುಗೀತೇನು?"

"ಎಲ್ಲಿ ಮುಗೀತ್ರಿ! ನೀವು ಅಡ್ಡ ಬಂದ್ರಲ್ಲ."

"ಹೌದಲ್ಲ," ಎಂದ ಎರ್ರಿಯಪ್ಪ, ದಿಂಬಿಗೆ ಒರಗಿ ರಗ್ಗು ಎಳೆದುಕೊಳ್ಳುತ್ತ. "ಹಂಗಾದ್ರ ಬರೋ ವರ್ಷ ಬರ್ತೀನಿ. ಹೊಳೆಮ್ಮಾ, ಒಂದು ಪದ ಹಾಡವ್ವ. ನಮ್ಮಾತ ಈ ಕಡಿ ಬರ್ಲಿ."